ಫೋಲ್ಡರ್ ಖಾಲಿ ಮಾಡಿಸಿದವರಿಗೆ

ಮಾನ್ಯ ಕಿಡ್ನಿ ಕಸಿ ನೋಂದಣಿ ಕಚೇರಿಯ ಮುಖ್ಯಸ್ಥರೇ,

ನಿಮ್ಮ ಕಚೇರಿ ನನ್ನ ಅಕ್ಕನ ನೋಂದಣಿ ದಿನಾಂಕವನ್ನು ಕಳೆದುಹಾಕಿದೆ. ದಾನದ ಕಿಡ್ನಿಗಾಗಿ ಆರು ವರ್ಷದಿಂದ ಕಾದವಳು ನಿಮ್ಮ ಹೊಸ ಪಟ್ಟಿಯಲ್ಲಿ ಹೋದ ತಿಂಗಳು ಬಂದವಳಾಗಿದ್ದಾಳೆ. ಪೊಲೀಸರಿಗೆ ದೂರು ಕೊಡೋಣವೆಂದರೆ, ಆರು ವರ್ಷ ಕಳವಾಗಿದೆ ಎಂದು ಬರೆದುಕೊಳ್ಳುವ ಠಾಣೆ ಯಾವುದಿದೆ?

ಆದದ್ದು ಇಷ್ಟು. ಡಯಾಲಿಸಿಸ್ ಕೇಂದ್ರಗಳು ತಮ್ಮ ರೋಗಿಗಳ ಮಾಹಿತಿಯನ್ನು ಕಂಪ್ಯೂಟರ್ ಫೈಲುಗಳಲ್ಲಿ ನಿಮಗೆ ಕಳಿಸಿದವು. ನಿಮ್ಮವರು ಅವನ್ನು ಹೊಸ ಡೇಟಾಬೇಸಿಗೆ ತುಂಬಿದರು. ಅಕ್ಕನ ಕೇಂದ್ರದವರು ದಿನಾಂಕ ಬರೆಯುವಾಗ ವರ್ಷವನ್ನು ಮೊದಲು ಬರೆಯುತ್ತಾರೆ. ನಿಮ್ಮ ಯಂತ್ರಕ್ಕೆ ಅದು ಅರ್ಥವಾಗಲಿಲ್ಲ. ಅರ್ಥವಾಗದ ಕಡೆಯೆಲ್ಲ ತುಂಬಿದ ದಿನದ ತಾರೀಖನ್ನೇ ಹಾಕಿಕೊಂಡು, ‘ಯಶಸ್ವಿ’ ಎಂದು ಹಸಿರು ಬಣ್ಣದಲ್ಲಿ ಸಾರಿತು. ಇರಲಿ, ಯಂತ್ರ ತಾನೇ, ತಪ್ಪುತ್ತದೆ. ಮೂಲ ಫೈಲು ತೆರೆದು ತಾಳೆ ನೋಡಿದ್ದರೆ ಚಹಾ ಆರುವುದರೊಳಗೆ ಸರಿಹೋಗುತ್ತಿತ್ತು.

ಆದರೆ ಮೂಲ ಫೈಲು ಎಲ್ಲಿದೆ? ನಿಮ್ಮ ಕಂಪ್ಯೂಟರ್ ಕೋಣೆಯ ಆಪರೇಟರನ್ನು ಕೇಳಿದೆ. ಪಾಪ, ಬಾಗಿಲ ಕಡೆ ನೋಡಿಕೊಂಡು ಪಿಸುಗುಟ್ಟಿದರು: “ಶನಿವಾರ ಸಂಜೆ ಸಾಹೇಬ್ರು ರೌಂಡ್ಸ್ ಬರ್ತಾರೆ ಸಾರ್. ಫೈಲ್ ಬಂದು ಬೀಳೋ ಫೋಲ್ಡರ್ ಖಾಲಿ ಇರ್ಬೇಕು. ಇಲ್ದಿದ್ರೆ ಕೆಲಸ ಬಾಕಿ ಇಟ್ಕೊಂಡಿದೀರ ಅಂತ ಎಲ್ಲರ ಮುಂದೆ ಉಗೀತಾರೆ. ಅದಕ್ಕೇ ತುಂಬಿದ ತಕ್ಷಣ ಅಳಿಸಿಬಿಡ್ತೀವಿ.”

“ಬೇರೆ ಕಡೆ ಎತ್ತಿಡಬಾರ್ದಿತ್ತಾ?”

“ಅದೂ ಒಂದು ಫೋಲ್ಡರೇ ಅಲ್ವಾ ಸಾರ್? ಅದೂ ಖಾಲಿ ಇರ್ಬೇಕಲ್ಲ!”

ನಿಮ್ಮ ಶುಚಿತ್ವಕ್ಕೆ ಅಡ್ಡಬಿದ್ದೆ, ಮಾನ್ಯರೇ. ಕೇಂದ್ರದಲ್ಲಾದರೂ ಪ್ರತಿ ಇದೆಯೇ ಎಂದು ಓಡಿದೆ. ಕಳಿಸಿದ ಮೇಲೆ ಇಟ್ಟುಕೊಳ್ಳಕೂಡದೆಂದು ನಿಮ್ಮದೇ ಸುತ್ತೋಲೆಯಂತೆ. ಅಕ್ಕನ ಬಳಿಯಿದ್ದ ನೋಂದಣಿ ಚೀಟಿಯನ್ನು ತಂದರೆ, ಮೂಲ ಫೈಲಿನೊಂದಿಗೆ ತಾಳೆಯಾದರೆ ಮಾತ್ರ ಚೀಟಿಗೆ ಬೆಲೆ ಎಂದಿರಿ. ನೀವು ಅಳಿಸಿದ್ದನ್ನು ನಾವು ತಂದುಕೊಡಬೇಕೇ? ಅಕ್ಕ ನಿಮ್ಮೆದುರೇ ತೋಳು ಚಾಚಿದಳು. ಸೂಜಿ ಚುಚ್ಚಿಸಿಕೊಂಡೂ ಚುಚ್ಚಿಸಿಕೊಂಡೂ ರಕ್ತನಾಳ ಹಗ್ಗದಂತೆ ಉಬ್ಬಿದೆ. “ಇದು ಒಂದು ತಿಂಗಳ ತೋಳಾ, ನೀವೇ ಹೇಳಿ” ಎಂದಳು. ನೀವು ಪರದೆಯಿಂದ ಕಣ್ಣೆತ್ತದೆ, “ಸಿಸ್ಟಮ್ಮಲ್ಲಿ ಏನಿದೆಯೋ ಅದೇ ಅಮ್ಮಾ” ಎಂದಿರಿ. ಕನ್ನಡಕದ ಅಂಗಡಿ ನನ್ನದು; ಕಣ್ಣಿದ್ದೂ ನೋಡಲೊಲ್ಲದವರಿಗೆ ಹೊಂದುವ ನಂಬರು ನನ್ನಲ್ಲಿಲ್ಲ.

ಹೋದ ವಾರ ನಮ್ಮ ಬೀದಿಯ ಟೀಚರಮ್ಮನಿಗೆ ಕಿಡ್ನಿ ಸಿಕ್ಕಿತು. ತಾರೀಖು ಕೆಡದ ಬೇರೆ ಕೇಂದ್ರದವರು, ಅಕ್ಕನದೇ ರಕ್ತದ ಗುಂಪು. ಮೂರು ವರ್ಷದ ಹಿಂದೆ ಹೆಸರು ಬರೆಸಲು ಅವರನ್ನು ಕೈಹಿಡಿದು ಕರೆದೊಯ್ದವಳೇ ಅಕ್ಕ. ಸುದ್ದಿ ಕೇಳಿ ಓಡಿಹೋಗಿ ತಬ್ಬಿಕೊಂಡಳು. “ಹೋಗಿ ಬಾರೇ, ನೀನಾದ್ರೂ ಹೊಟ್ಟೆ ತುಂಬ ನೀರು ಕುಡಿ” ಎಂದಳು; ಡಯಾಲಿಸಿಸ್ ರೋಗಿಗಳಿಗೆ ಕುಡಿಯುವ ನೀರೂ ಅಳತೆಯಲ್ಲೇ. ನನಗೆ ಹೊಟ್ಟೆ ಉರಿಯಿತು. ಆ ಬಡಪಾಯಿ ಹೆಂಗಸಿನ ಮೇಲೂ ಉರಿಯಿತು. ನನ್ನನ್ನು ಇಂಥ ಮನುಷ್ಯನನ್ನಾಗಿ ಮಾಡಿದ್ದಕ್ಕೆ ನಿಮ್ಮನ್ನು ಕ್ಷಮಿಸಲಾರೆ.

ಈ ಶನಿವಾರದ ರೌಂಡ್ಸ್ ನಿಲ್ಲಿಸಿ. ತುಂಬಿದ ಪ್ರತಿಯೊಂದು ಸಾಲೂ ತಾಳೆಯಾಗುವ ತನಕ ಯಾವ ಮೂಲ ಫೈಲನ್ನೂ ಯಾರೂ ಮುಟ್ಟದಂತೆ ಭದ್ರವಾಗಿಡಿ. ಅಳಿಸಿದ್ದನ್ನು ಬಲ್ಲವರಿಂದ ಹೊರತೆಗೆಸಿ. ಅಲ್ಲಿಯವರೆಗೆ ರೋಗಿಗಳ ಕೈಯಲ್ಲಿರುವ ಚೀಟಿಯನ್ನು ನಂಬಿ. ಅಕ್ಕನ ಹೆಸರೊಂದನ್ನು ಸರಿಪಡಿಸಿ ನನ್ನ ಬಾಯಿ ಮುಚ್ಚಿಸಬಹುದೆಂದು ಮಾತ್ರ ಭಾವಿಸಬೇಡಿ. ಅವಳ ಕೇಂದ್ರದ ಅಷ್ಟೂ ಮಂಚಗಳ ಮೇಲೆ ಇದೇ ಸುಳ್ಳು ತಾರೀಖಿನವರು ಮಲಗಿದ್ದಾರೆ. ಸರದಿ ಹತ್ತಿರ ಬಂತೆಂದುಕೊಂಡು ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ. ಸದ್ಯಕ್ಕೆ ಅದು ರಿಂಗಾಗುವುದಿಲ್ಲವೆಂದು ನೀವು ಅವರಿಗೆ ಹೇಳಿಲ್ಲ. ಅದಕ್ಕೇ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಅವರು ಓದಲಿ.

ಇಂತಿ,
ಮೊನ್ನೆ ಮೊನ್ನೆ ಕಾಯಿಲೆ ಬಿದ್ದಳೆಂದು ನೀವು ಹೇಳುವ ಹೆಂಗಸಿನ ತಮ್ಮ