ಈಜು ಬಾರದವನೆಂದು ನೀವು ಬರೆದುಕೊಂಡ ನನ್ನ ತಮ್ಮ

ಕಡಲಿನಲ್ಲಿ ಕಳೆದುಹೋದವರನ್ನು ಹುಡುಕಿಸುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ತಮ್ಮ ಶಂಭು ಇನ್ನೂ ನೀರಿನಲ್ಲಿದ್ದಾನೆ, ನೀವು ಹುಡುಕುವುದನ್ನು ನಿಲ್ಲಿಸಿದ್ದೀರಿ. ಇದೇ ನನ್ನ ದೂರು. ಅವಸರದಲ್ಲಿ ಬರೆದ ಇದನ್ನೇ ಪತ್ರಿಕೆಗೂ ಕಳಿಸುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಪತ್ರಿಕೆಯವರು ತಿದ್ದಿಕೊಳ್ಳಲಿ.

ನಿಮ್ಮ ಕಚೇರಿಗೆ ಹೊಸದೊಂದು ಕಂಪ್ಯೂಟರ್ ವ್ಯವಸ್ಥೆ ಬಂದಿದೆಯಂತೆ. ಗಾಳಿ, ಅಲೆ, ನೀರಿನ ಸೆಳೆತ, ಬಿದ್ದವನ ವಯಸ್ಸು, ಅವನಿಗೆ ಈಜು ಬರುತ್ತದೋ ಇಲ್ಲವೋ, ಇಷ್ಟನ್ನು ಹೇಳಿದರೆ ಎಲ್ಲಿ ಹುಡುಕಬೇಕು, ಎಲ್ಲಿಯವರೆಗೆ ಹುಡುಕಬೇಕು ಎಂದು ಅದೇ ತಿಳಿಸುತ್ತದಂತೆ. ಬಹಳ ಸಂತೋಷ. ನಾವು ಹರಕೆ ಹೊತ್ತು ದೇವರನ್ನು ಕೇಳುವ ಪ್ರಶ್ನೆಗೆ ನಿಮಗೆ ತಂಪು ಕೋಣೆಯಲ್ಲಿ ಕುಳಿತಲ್ಲೇ ಉತ್ತರ ಸಿಗುತ್ತದೆ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ, ನೀವು ಹೇಳಿದ್ದನ್ನು ಅದು ನಂಬಿತು. ಆದರೆ ನೀವು ಅದಕ್ಕೆ ಹೇಳಿದ್ದು ಸುಳ್ಳು. ಆ ಸುಳ್ಳು ನಮ್ಮ ಮನೆಯಿಂದಲೇ ಹೋಯಿತು, ಹೇಳಿದವಳಿಗೆ ಅದು ಸುಳ್ಳೆಂದು ಗೊತ್ತಿರಲಿಲ್ಲ.

ನಾವು ಕಮತಗಿಯ ನೇಕಾರರು. ಕೈಮಗ್ಗಕ್ಕೆ ಕೆಲಸ ಕಡಿಮೆಯಾದ ಮೇಲೆ ಶಂಭು ಕರಾವಳಿಗೆ ಹೋಗಿ ಬಂದರಿನಲ್ಲಿ ಹರಿದ ಬಲೆ ಸರಿಮಾಡುತ್ತಾನೆ. ಕಡಿದ ಎಳೆ ಕೂಡಿಸುವುದು ನಮ್ಮ ಕೈಗೆ ಹೊಸದಲ್ಲ. ಮೊನ್ನೆ ಒಂದು ದೋಣಿಗೆ ಆಳು ಕಡಿಮೆಯಾಯಿತೆಂದು ಮೊದಲ ಸಲ ಸಮುದ್ರಕ್ಕಿಳಿದ. ಬಿರುಗಾಳಿಗೆ ದೋಣಿ ಮಗುಚಿತು. ಉಳಿದವರನ್ನು ಮತ್ತೊಂದು ದೋಣಿಯವರು ಎತ್ತಿಕೊಂಡರು. ಅವರಿಗೆ ನನ್ನ ತಮ್ಮನ ಹೆಸರೇ ನೆಟ್ಟಗೆ ಗೊತ್ತಿರಲಿಲ್ಲ, ಈಜಿನ ಸಂಗತಿ ಹೇಗೆ ಗೊತ್ತಿರಬೇಕು?

ನಿಮ್ಮವರು ಪಕ್ಕದ ಮನೆಗೆ ಫೋನು ಮಾಡಿ, ನಮ್ಮ ಅವ್ವ ಬಸಲಿಂಗವ್ವನನ್ನು ಕರೆಸಿ ಕೇಳಿದರು, ಮಗನಿಗೆ ಈಜು ಬರುತ್ತದೆಯೇ ಎಂದು. "ಇಲ್ರಿ ಸಾಹೇಬ್ರ, ನನ ಮಗಾ ಹೊಳಿಗೆ ಕಾಲ ಸುದ್ದಾ ಇಟ್ಟಾಂವಲ್ಲ. ನಾ ಇಡಾಕ ಬಿಟ್ಟಿಲ್ಲ" ಎಂದಳು ಅವ್ವ. ಸುತ್ತ ನಿಂತಿದ್ದ ಓಣಿಯವರಿಗೆಲ್ಲ ನಿಜ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ.

ಯಾಕೆಂದರೆ ನಮ್ಮಣ್ಣ ಮುತ್ತಪ್ಪ ಚಿಕ್ಕವನಿದ್ದಾಗಲೇ ಮಲಪ್ರಭೆಯ ಪಾಲಾದ. ಅಂದಿನಿಂದ ಅವ್ವ ಶಂಭುವನ್ನು ಹೊಳೆಯ ಕಡೆ ಮುಖ ಮಾಡಲು ಬಿಡಲಿಲ್ಲ. ನೆರೆಮನೆಯ ದಸ್ತಗೀರಸಾಬ ಕಾಕಾ ಮಾತ್ರ, "ಹೊಳಿ ದಂಡಿಮ್ಯಾಗ ಇದ್ದು ಈಸಾಕ ಬರಲಿಲ್ಲಂದ್ರ ಈ ಹುಡುಗನ ಗತಿ ಏನು?" ಎಂದು ಅವನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ನೀರಿಗಿಳಿಸಿದರು. ಕಾಕಾನ ಹೆಂಡತಿ ತಲೆ ಒರೆಸಿ, ಎಣ್ಣೆ ಹಚ್ಚಿ, ಏನೂ ಆಗಿಲ್ಲವೆಂಬಂತೆ ಮನೆಗೆ ಕಳಿಸುತ್ತಿದ್ದರು. ಮುಂದೆ ಅವನು ತುಂಬಿದ ಹೊಳೆಯನ್ನೂ ದಾಟಿ ಬರುವಂತಾದ. ಅವ್ವನ ಎದೆ ಒಡೆಯಬಾರದೆಂದು ಇಡೀ ಓಣಿ ಈ ಗುಟ್ಟನ್ನು ಕಾಪಾಡಿತು. ಆ ಅಂತಃಕರಣವೇ ಈಗ ಅವನನ್ನು ಮುಳುಗಿಸುತ್ತಿದೆ.

ನಾನು ಗಂಡನ ಮನೆ ಇಳಕಲ್ಲಿನಿಂದ ಓಡಿಬಂದು ನಿಮ್ಮ ಕಚೇರಿಗೆ ಫೋನು ಮಾಡಿದೆ. "ಈಜು ಬಾರದವರು ಬದುಕಿರಬಹುದಾದ ಅವಧಿ ಮುಗಿದಿದೆ ಎಂದು ಕಂಪ್ಯೂಟರ್ ಹೇಳಿದೆ, ಅಮ್ಮಾ" ಎಂದರು ನಿಮ್ಮ ಸಹಾಯಕರು, ಬಹಳ ಮರ್ಯಾದೆಯಿಂದ. ಅವನಿಗೆ ಈಜು ಬರುತ್ತದೆ ಎಂದು ಕಿರುಚಿದೆ. ಮಾಹಿತಿ ಕೊಟ್ಟವರೇ ಲಿಖಿತವಾಗಿ ಬದಲಿಸಬೇಕಂತೆ, ಅಕ್ಕನ ಮಾತು ನಡೆಯದಂತೆ. ಸ್ವಾಮಿ, ಒಬ್ಬ ಮನುಷ್ಯನ ಜೀವವನ್ನು ಒಂದು ಫೋನಿನಲ್ಲಿ ಒಬ್ಬ ಮುದುಕಿಯನ್ನು ಕೇಳಿ ಮುಗಿಸಬಹುದು, ಉಳಿಸುವುದಕ್ಕೆ ಮಾತ್ರ ಕಾಗದ ಬೇಕೇ? ಯಂತ್ರಕ್ಕೆ ಎರಡನೆಯ ಸಲ ಪ್ರಶ್ನೆ ಹಾಕಿದರೆ ಅದಕ್ಕೆ ಬೇಸರವಾಗುತ್ತದೆಯೇ?

ನನಗೆ ಹೆದರಿಕೆಯಾಗುತ್ತಿದೆ. ಕೊಡದಲ್ಲಿ ಕೈಯಿಟ್ಟರೂ ಮೈ ಜುಮ್ಮೆನ್ನುತ್ತದೆ. ಹುಡುಕಲು ಬಂದ ನಿಮ್ಮ ಹೆಲಿಕಾಪ್ಟರ್ ತಿರುಗಿ ಹೋದದ್ದನ್ನು ಅವನು ನೋಡಿದ್ದರೆ? ಮತ್ತೆ ಬರುತ್ತದೆಂದು ಅಲ್ಲೇ ಕೈಕಾಲು ಬಡಿಯುತ್ತಿದ್ದರೆ?

ಬೇರೆ ದಾರಿಯಿಲ್ಲದೆ ಇಂದು ಬೆಳಿಗ್ಗೆ ಅವ್ವನಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ಯಾರು ಕಲಿಸಿದ್ರು?" ಎಂದಷ್ಟೇ ಕೇಳಿದಳು. ಹೆಸರು ಹೇಳಿದೆ. ಎದ್ದು ನೆಟ್ಟಗೆ ಕಾಕಾನ ಬಾಗಿಲಿಗೆ ಹೋದಳು. ಏನಾಗುವುದೋ ಎಂದು ನಾನು ಹಿಂದೆಯೇ ಓಡಿದೆ. ಕಾಕಾ ಹೊರಗೆ ಬಂದು ತಲೆ ತಗ್ಗಿಸಿ ನಿಂತರು.

"ದಸ್ತಗೀರಣ್ಣಾ, ಸರಿಯಾಗಿ ಕಲಿಸೀಯೋ ಇಲ್ಲೋ? ಖರೆ ಹೇಳು" ಎಂದಳು ಅವ್ವ.

"ನನಕಿಂತ ಛಲೋ ಈಸ್ತಾನ, ತಂಗೆವ್ವಾ" ಎಂದರು ಕಾಕಾ. ಆಮೇಲೆ ಇಬ್ಬರೂ ಆ ಹೊಸ್ತಿಲಲ್ಲೇ ಕುಸಿದು ಅತ್ತರು.

ನೀವು ಕೇಳಿದ ಹೇಳಿಕೆಯನ್ನು ಅವ್ವನ ಹೆಬ್ಬೆಟ್ಟಿನೊಂದಿಗೆ ಫ್ಯಾಕ್ಸ್ ಮಾಡಿದ್ದೇವೆ. ಉತ್ತರವಿಲ್ಲ, ಆದ್ದರಿಂದ ಪತ್ರಿಕೆಗೂ ಬರೆದಿದ್ದೇನೆ. ಇದು ಅಚ್ಚಾಗುವ ಹೊತ್ತಿಗೆ ಇನ್ನೊಂದು ರಾತ್ರಿ ಅವನು ನೀರಿನಲ್ಲಿ ಕಳೆದಿರುತ್ತಾನೆ. ಯಂತ್ರಕ್ಕೆ ನಿಜ ಹೇಳಿ ಮತ್ತೆ ಕೇಳಿ. ಅದು ಆಗಲೂ ಮುಗಿಯಿತೆಂದರೆ, ಅದರ ಮಾತು ಮೀರಿ ಒಂದು ಸಲ ಹೋಗಿ ನೋಡಿ ಬನ್ನಿ. ಅವ್ವ ಜೀವಮಾನದಲ್ಲಿ ಮೊದಲ ಸಲ ನೀರಿನಲ್ಲಿರುವ ಮಗನ ಈಜನ್ನು ನಂಬಿ ಕುಳಿತಿದ್ದಾಳೆ.

ಇಂತಿ,
ತಮ್ಮನ ಬಗ್ಗೆ "ಇದ್ದ" ಎಂದು ಬರೆಯಲು ಒಪ್ಪದ
ನಾಗರತ್ನಾ, ಕಮತಗಿ