ಗಾಜಿನ ಹಿಂದಿನ ಬೂದಿಗಡಿಗೆ

ಪ್ರಭುವಿನ ಅಪ್ಪನವರಿಗೆ,

ನನಗೇನೂ ಬರೆಯುವ ಹುಚ್ಚಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಕೈಗೆ ಪೆನ್ನು ತುರುಕಿ, "ಅಜ್ಜಿ, ನನ್ನ ಮ್ಯಾಲೆ ಕೂಗಬ್ಯಾಡ, ಜಸ್ಟ್ ರೈಟ್ ಟು ಹಿಮ್" ಎಂದು ಕೂರಿಸಿದವಳು ನಿಮ್ಮ ಮೊಮ್ಮಗಳು ನಿಧಿ. ಬೆರಳು ನೋಯುತ್ತಿದೆ. ಅದೂ ನಿಮ್ಮಿಂದಲೇ.

ಹೋದ ಭಾನುವಾರ ಕೆಂಡಲ್ ಪಾರ್ಕಿನ ಮನೆಯಿಂದ ನನ್ನನ್ನು ಕಾರಿನಲ್ಲಿ ಹಾಕಿಕೊಂಡು ಮ್ಯೂಸಿಯಮ್ಮಿಗೆ ಹೋದಳು. ಒಂದು ಕೋಣೆಯಲ್ಲಿ ಈ ಪರದೇಶದಲ್ಲಿ ಬಿಳಿಯರಿಗಿಂತ ಮೊದಲಿದ್ದ ಜನರ ಬಾಣದ ಮೊನೆ, ಮಡಕೆ ಚೂರು. ಪಕ್ಕದ ಕೋಣೆ ರೋಮಿನವರದು. ಮೂಗು ಮುರಿದ ಮೂರ್ತಿ ನೋಡಲು ಮೊಣಕಾಲು ಸವೆಸಬೇಕೇ ಎಂದು ಬೈಯುತ್ತಲೇ ನಡೆದೆ. ಗಾಜಿನ ಹಿಂದೆ ಮುಚ್ಚಳವಿದ್ದ ಕಲ್ಲಿನ ಗಡಿಗೆಯೊಂದು ಕಂಡಿತು.

"ಇದರಾಗ ಏನ ಹಾಕ್ತಿದ್ರು? ಉಪ್ಪಿನಕಾಯೇನು?"

"ಬೂದಿ ಅಜ್ಜಿ, ಹ್ಯೂಮನ್ ಆಶಸ್. ಲೈಕ್ ಅಜ್ಜ."

ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ನೀವೂ ಹಾಗೇ ಕೂತಿದ್ದೀರಲ್ಲ, ಎರಡು ವರ್ಷದಿಂದ, ಪ್ರಭುವಿನ ಕಪಾಟಿನಲ್ಲಿ, ಸ್ವೆಟರುಗಳ ನಡುವೆ!

ನಿಮ್ಮ ಅಪ್ಪನನ್ನು ಮಣ್ಣು ಮಾಡಿದ ದಿನ ನೆನಪಿದೆಯೇ? ವಿಭೂತಿ ಬಳಿದು, ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು... ಮೊದಲ ಹಿಡಿ ಮಣ್ಣು ಹಾಕಿದವರು ನೀವೇ. ನಮ್ಮಲ್ಲಿ ಸುಡುವುದುಂಟೇ? ಆಸ್ಪತ್ರೆಯಲ್ಲಿ ನನ್ನನ್ನು ಚಹಾ ತರಲು ಅಟ್ಟಿ, ಸುಡಬಹುದು ಎಂಬ ಕಾಗದಕ್ಕೆ ಸಹಿ ಹಾಕಿದಿರಿ. ಮಗನಿಗೆ ತೊಂದರೆ ಬೇಡವಂತೆ. ನಲವತ್ತೇಳು ವರ್ಷ ನಿಮ್ಮೊಡನೆ ಬಾಳಿದವಳನ್ನು ಒಂದು ಮಾತು ಕೇಳಿದಿರಾ? ಹೇಡಿ ಕೆಲಸ.

ಕೋಣೆಯಲ್ಲಿ ಜನರಿಗೆ ವಿವರಿಸುತ್ತಿದ್ದ ಗೈಡನ್ನು ತೋರಿಸಿ ನಿಧಿಗೆ ಹೇಳಿದೆ: "ಆ ಗೈಡನ್ನ ಕೇಳು, ಸುಟ್ಟವರನ್ನ ಆಮ್ಯಾಲೆ ಮಣ್ಣಾಗ ಇಟ್ರ ನಡೀತಿತ್ತೇನಂತ."

ಅವನು ನಕ್ಕಿದ್ದರೆ ಅಲ್ಲೇ ಉಗಿಯುತ್ತಿದ್ದೆ. ನಗಲಿಲ್ಲ. ಮೊದಲು ಸುಡುತ್ತಿದ್ದರಂತೆ, ಮುಂದಿನವರು ಹೂಳತೊಡಗಿದರಂತೆ. ಒಂದೇ ಮನೆತನದ ಗೋರಿಯೊಳಗೆ ಅಜ್ಜ ಗಡಿಗೆಯಲ್ಲಿ, ಮೊಮ್ಮಗ ಕಲ್ಲಿನ ಪೆಟ್ಟಿಗೆಯಲ್ಲಿ. ಯಾರೂ ಯಾರನ್ನೂ ಹೊರಗೆ ಹಾಕಲಿಲ್ಲವಂತೆ. ಮನೆಗೆ ಬಂದವಳೇ ಕಪಾಟು ತೆರೆದು ನಿಮ್ಮ ಬೂದಿಯ ಡಬ್ಬಿಯನ್ನು ಬೈದೆ. ನಿಧಿ ಹೆದರಿದಳು.

ನಿಮಗೆ ಗೊತ್ತಿಲ್ಲದ ಸುದ್ದಿ ಕೇಳಿ. ರೂಟ್ ಒನ್ ಹೆದ್ದಾರಿಯ ಆಚೆಯ ಸ್ಮಶಾನದಲ್ಲಿ ನನಗೊಂದು ಜಾಗ ನೋಡಿದ್ದೇನೆ. ನನ್ನನ್ನು ಸುಡುವುದಿಲ್ಲ ಎಂದು ಪ್ರಭುವಿನಿಂದ ಆಣೆ ಮಾಡಿಸಿದ್ದೇನೆ. ನನ್ನ ಮಗ್ಗುಲಲ್ಲಿ ನಿಮ್ಮ ಡಬ್ಬಿ ಇಡಲು ಅಲ್ಲಿಯವರು ಒಪ್ಪಿದ್ದಾರೆ. ಆದರೆ ನಿಮ್ಮ ಹಾಗೆ ಕೇಳದೆ ಸಹಿ ಹಾಕುವವಳು ನಾನಲ್ಲ.

ಶುಕ್ರವಾರ ಹನ್ನೊಂದಕ್ಕೆ ಆ ಜಾಗದ ಕಾಗದ ಆಗುತ್ತದೆ. ಒಬ್ಬಳ ಹೆಸರು ಬರೆಸಲೋ, ಇಬ್ಬರದೋ? ಕನಸಿಗಾದರೂ ಬನ್ನಿ, ಹೇಗಾದರೂ ಬನ್ನಿ. ಗುರುವಾರದೊಳಗೆ ಉತ್ತರ ಬೇಕು.