ಪರದೆ ಬೆಳಗದ ಬೆಳಗ್ಗೆ

ಗುರುವಾರ, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಚಿನಕುರುಳಿಗೆ,

ನಿನ್ನ ಅಕ್ಕನ ಆಶೀರ್ವಾದ. ಕ್ಷೇಮ ಸಮಾಚಾರವೆಲ್ಲ ಆಮೇಲೆ. ಈ ಕಾಗದ ಕೈಗೆ ಬಂದ ಕೂಡಲೇ ನಿಮ್ಮ ಆಸ್ಪತ್ರೆಯ ದೊಡ್ಡ ಲಿಫ್ಟನ್ನು ನಿಲ್ಲಿಸಲು ಲಿಫ್ಟಿನವನಿಗೆ ಹೇಳು. ಅವನು ನಿನ್ನ ಮಾತು ಕೇಳುತ್ತಾನೆ. ಹೇಳಿ ಬಂದು ಮುಂದಿನದನ್ನು ಓದು. ಹನ್ನೆರಡು ಗಂಟೆಯಿಂದ ನಿಮ್ಮಲ್ಲಿಗೆ ಮೂರು ಸಲ ಫೋನ್ ಮಾಡಿದೆ. ಡ್ಯೂಟಿಯಲ್ಲಿರುವ ನರ್ಸನ್ನು ಕರೆಯಲಾಗದು ಎಂದರು. ಲಿಫ್ಟಿನ ವಿಷಯ ಎಂದರೆ ಆಫೀಸಿಗೆ ಬರೆದುಕೊಡಿ ಎಂದರು. ಅದಕ್ಕೇ ಇದನ್ನು ಕಂಪ್ಯೂಟರ್ ರಿಪೇರಿಯವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳ ಸ್ಕೂಟರ್ ಬಸ್ಸಿಗಿಂತ ಬೇಗ ಬರುತ್ತದೆ.

ನಿನ್ನೆ ಸಂಜೆ ನೀನು ನಗುತ್ತಾ ಹೇಳಿದೆಯಲ್ಲ, ಆಯಾ ಒಬ್ಬ ಮುದುಕರನ್ನು ಮಂಚದ ಸಮೇತ ಆಪರೇಷನ್ ಕೋಣೆಗೆ ಒಯ್ಯುವಾಗ ಲಿಫ್ಟು ಮೂರನೆಯ ಮಹಡಿ ದಾಟಿ ಗೇಣುದ್ದ ಜಾರಿ ನಿಂತಿತು, ಮುದುಕರು ಇನ್ನೊಂದು ಸಲ ಆಡಿಸು ಎಂದರು ಎಂದು. ನಾನೂ ನಕ್ಕೆ. ನಕ್ಕು, ಫೋನ್ ಇಟ್ಟು, ನಿನ್ನ ಭಾವನಿಗೆ ಅದನ್ನೇ ಹೇಳಿದೆ. ಅವರು ತಟ್ಟೆಯಲ್ಲೇ ಕೈ ತೊಳೆದು ಎದ್ದುಬಿಟ್ಟರು.

ಇವತ್ತು ಅವರು ಕೆಲಸಕ್ಕೆ ಹೋದ ಮೇಲೆ ಕಂಪ್ಯೂಟರ್ ಹಾಕಿದೆ. ಅವರು ಲಿಫ್ಟುಗಳನ್ನು ಪರೀಕ್ಷಿಸಿ ಕೈಯಲ್ಲಿ ಗೀಚಿ ತರುವ ವರದಿಗಳನ್ನು ಟೈಪ್ ಮಾಡುವುದು ನಾನೇ ತಾನೇ. ಗುಂಡಿ ಒತ್ತಿದರೆ ದೀಪ ಹತ್ತಿತು, ಒಳಗಿನ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೆ ಕೂತಿತ್ತು. ಆರಿಸಿ ಹಾಕಿದೆ, ಅದೇ ಕಥೆ. ಸ್ವಲ್ಪ ಹೊತ್ತು ಬಿಟ್ಟರೆ ಒಳಗಿಂದ ಉದ್ದುದ್ದ ಬೀಪ್, ಸ್ವಲ್ಪ ನಿಂತು ಮತ್ತೆ ಬೀಪ್. ಖಾಲಿ ಮನೆಯಲ್ಲಿ ಅದನ್ನು ಕೇಳುತ್ತಾ ಕೂತರೆ ಯಾರೋ ಬಾಗಿಲ ಹೊರಗೆ ನಿಂತು ಕರೆಯುತ್ತಿರುವ ಹಾಗಿತ್ತು.

ರಿಪೇರಿಯವಳಿಗೆ ಫೋನ್ ಮಾಡಿದೆ. ಅಂಗಡಿ ಬಿಟ್ಟು ಬರಲಾರೆ, ಹೇಳಿದ ಹಾಗೆ ಮಾಡಿ ಎಂದಳು. ಮಾನಿಟರಿನ ವೈರನ್ನು ಎರಡೂ ತುದಿಯಲ್ಲಿ ಕಿತ್ತು ಹಾಕಿದೆ. ಅದೇ ವೈರಿನಿಂದ ಮಾನಿಟರನ್ನು ಟಿವಿಯ ಸೆಟ್‌ಟಾಪ್ ಡಬ್ಬಿಗೆ ಸಿಕ್ಕಿಸಿದೆ; ಚಿತ್ರ ಚೆನ್ನಾಗಿಯೇ ಬಂತು. ಹಾಗಾದರೆ ಮಾನಿಟರೂ ಸರಿ, ವೈರೂ ಸರಿ, ಬೀಪ್ ಬರುವುದು ರ‍್ಯಾಮ್ ಎಂಬ ಪಟ್ಟಿ ಸರಿಯಾಗಿ ಕೂರದಿದ್ದರೆ ಎಂದಳು. ಪ್ಲಗ್ ಕಿತ್ತು, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಬೆರಳುದ್ದದ ಹಸಿರು ಪಟ್ಟಿಯನ್ನು ಹುಡುಕಿ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲನ್ನು ರಬ್ಬರಿನಿಂದ ಉಜ್ಜಿ, ಟಕ್ ಎನ್ನುವವರೆಗೆ ಒತ್ತಬೇಕು. ತಗಡಿನ ತಿರುಪುಗಳು ಬೆರಳಿಗೇ ಬಿಚ್ಚಿಕೊಂಡವು.

ಪಟ್ಟಿ ಇರಲಿಲ್ಲ. ಎರಡು ಉದ್ದನೆಯ ಸೀಳುಗಳು, ಎರಡೂ ಖಾಲಿ. ಒಂದರ ತುದಿಯ ಹಿಡಿಗಳನ್ನು ನೀಟಾಗಿ ಹೊರಕ್ಕೆ ಬಾಗಿಸಿದ್ದರು. ಸುತ್ತ ಎಲ್ಲ ಧೂಳು. ಆ ಜಾಗದಲ್ಲಿ ಮಾತ್ರ ಎರಡು ಬೆರಳಿನ ಗುರುತು. ಹೇಳಿದೆ. ರಿಪೇರಿಯವಳು ಮೆಲ್ಲಗೆ ಅಂದಳು:

"ಅಕ್ಕಾ, ಅದು ತಾನಾಗಿ ಉದುರಲ್ಲ. ಯಾರೋ ತೆಗೆದಿದ್ದಾರೆ."

ಮನೆಯಲ್ಲಿ ಇರುವುದು ನಾವಿಬ್ಬರೇ. ಹೋದ ವರ್ಷ ರಿಪೇರಿಯವಳು ಇದೇ ಪಟ್ಟಿಯನ್ನು ತೆಗೆದು ಉಜ್ಜುವಾಗ ನಿನ್ನ ಭಾವ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದರು. ಕಂಪ್ಯೂಟರಿನಲ್ಲಿ ಅವರಿಗೆ ಗೊತ್ತಿರುವುದು ಅದೊಂದೇ. ಇವತ್ತು ಕಾಫಿಗೂ ಮೊದಲೇ ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಕನ್ನಡಕ ಹುಡುಕುತ್ತಿದ್ದೆ ಎಂದಿದ್ದರು. ಕನ್ನಡಕ ಮೂಗಿನ ಮೇಲೇ ಇತ್ತು.

ಅಂಗಡಿಗೆ ಬೀಗ ಹಾಕಿಕೊಂಡು ಹಳೆಯ ಪಟ್ಟಿಯೊಂದನ್ನು ತಂದಳು, ಪುಣ್ಯಾತ್ಗಿತ್ತಿ. ಒತ್ತಿ ಕೂರಿಸಿದಳು. ಪರದೆ ಬೆಳಗಿತು. ಬೆಳಗಬಾರದಿತ್ತು ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ.

ನಿಮ್ಮ ಆಸ್ಪತ್ರೆಯ ಹೆಸರಿನಲ್ಲಿ ಎರಡು ವರದಿಗಳಿದ್ದವು. ಮೊದಲನೆಯದರಲ್ಲಿ, ದೊಡ್ಡ ಲಿಫ್ಟಿನ ಉಕ್ಕಿನ ಹಗ್ಗಗಳ ಎಳೆಗಳು ತುಂಡಾಗಿವೆ, ಬ್ರೇಕು ಸವೆದಿದೆ, ರಿಪೇರಿಯಾಗುವವರೆಗೆ ಒಬ್ಬರನ್ನೂ ಹತ್ತಿಸಕೂಡದು ಎಂದಿದೆ. ಎರಡು ದಿನದ ನಂತರದ ಎರಡನೆಯದರಲ್ಲಿ ಎಲ್ಲ ಸರಿಯಿದೆ, ಬಳಸಬಹುದು. ನಿನ್ನ ಭಾವನ ಆಫೀಸಿಗೆ ಹೋಗಿದ್ದು ಎರಡನೆಯದು.

ಮೊದಲನೆಯದನ್ನು ಮೂರು ಪ್ರತಿ ಪ್ರಿಂಟ್ ಹಾಕುತ್ತಿರುವಾಗ ನಿನ್ನ ಭಾವ ಊಟಕ್ಕೆ ಬಂದರು. ಬೆಳಗಿದ ಪರದೆಯನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ರಿಪೇರಿಯವಳನ್ನು ನೋಡಿದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅಂಗಿಯ ಜೇಬಿನಿಂದ ಕರವಸ್ತ್ರದ ಸಣ್ಣ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ನಮ್ಮ ಪಟ್ಟಿ. ಎಸೆಯಲು ಮನಸ್ಸು ಬರಲಿಲ್ಲವಂತೆ.

ಆಫೀಸಿನ ದೊಡ್ಡ ಸಾಹೇಬರು ಕರೆಸಿ ಹೇಳಿದ್ದರಂತೆ: ಆ ಲಿಫ್ಟು ನಿಂತರೆ ಆಪರೇಷನ್‌ಗಳೇ ನಿಲ್ಲುತ್ತವೆ, ಎರಡು ತಿಂಗಳಲ್ಲಿ ಹೊಸ ಹಗ್ಗ ಬರುತ್ತದೆ, ಅಲ್ಲಿಯವರೆಗೆ ಹೇಗೋ ತಳ್ಳಿ. ಇವರು ಇಪ್ಪತ್ತಾರು ವರ್ಷ ಯಾರ ಎದುರೂ ದನಿ ಎತ್ತದವರು. ತಲೆಯಾಡಿಸಿ ಬಂದರು. ಲಿಫ್ಟು ಜಾರಿದ್ದು ಕೇಳಿದ ಮೇಲೆ, ಮೊದಲಿನ ವರದಿ ನನ್ನ ಕೈಯಿಂದ ಹೊರಗೆ ಹೋದೀತೆಂದು ಹೆದರಿದರು.

ನನ್ನ ತಂಗಿ ದಿನಾ ಓಡಾಡುವ ಜಾಗ ಅದು ಎಂದೆ. ಅವರು ನೆಲ ನೋಡುತ್ತಾ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

"ಅವಳಿಗೆ ಮೆಟ್ಟಿಲು ಹತ್ತು ಅಂತ ಹೇಳು. ಅಷ್ಟು ಸಾಕಲ್ಲ."

ಚಿನಕುರುಳಿ, ಇಷ್ಟು ವರ್ಷ ಸಂಸಾರ ಮಾಡಿದವರ ಮುಖವನ್ನು ಹೊಸದಾಗಿ ನೋಡಿದ ಹಾಗಾಯಿತು. ಮಂಚದ ಮೇಲೆ ಮಲಗಿದವರು ಮೆಟ್ಟಿಲು ಹತ್ತುತ್ತಾರಾ ಎಂದು ಕೇಳಿದೆ. ಮೂರು ಪ್ರತಿಗಳನ್ನೂ ಅವರ ಮುಂದಿಟ್ಟು ಪೆನ್ನು ಕೊಟ್ಟೆ. ಎಷ್ಟೋ ಹೊತ್ತು ಪೆನ್ನಿನ ಮುಚ್ಚಳವನ್ನು ತಿರುಗಿಸುತ್ತಾ ಕೂತರು. ಪಾಪ ರಿಪೇರಿಯವಳು, ಹೋಗಲೂ ಆಗದೆ ಇರಲೂ ಆಗದೆ ಗೋಡೆ ನೋಡುತ್ತಿದ್ದಳು. ಕೊನೆಗೆ ಮೂರಕ್ಕೂ ಸಹಿ ಹಾಕಿದರು. ಕೆಳಗೆ ಇವತ್ತಿನ ತಾರೀಖು. ಕೆಲಸ ಹೋಗುತ್ತೆ ಕಣೇ ಎಂದರು. ಹೋಗಲಿ ಎನ್ನಲು ನನಗೂ ಬಾಯಿ ಬರಲಿಲ್ಲ.

ಒಂದು ಪ್ರತಿ ಇದರೊಳಗಿದೆ. ನೇರವಾಗಿ ದೊಡ್ಡ ಡಾಕ್ಟರ ಕೈಗೆ ಕೊಡು, ಗುಮಾಸ್ತರ ಮೇಜಿನ ಮೇಲೆ ಬಿಡಬೇಡ. ಅವರು ನಂಬುವ ತನಕ ಪ್ರತಿ ಮಹಡಿಯಲ್ಲೂ ಲಿಫ್ಟಿನ ಬಾಗಿಲಿಗೆ ಅಡ್ಡಲಾಗಿ ಒಂದೊಂದು ಖಾಲಿ ಮಂಚ ನಿಲ್ಲಿಸು. ಉಳಿದ ಪ್ರತಿಗಳನ್ನು ಹಿಡಿದುಕೊಂಡು ನಾವಿಬ್ಬರೂ ಇವರ ಆಫೀಸಿಗೆ ಹೊರಟಿದ್ದೇವೆ. ನಿನ್ನ ಭಾವ ಆಗಲೇ ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿದ್ದಾರೆ. ಊಟ ಮಾಡಿಲ್ಲ.

ನಿನ್ನ,
ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ನಿನ್ನ ಭಾವನೊಬ್ಬರನ್ನೇ ಬೈಯಬೇಡ. ಎರಡನೆಯ ವರದಿಯನ್ನೂ ಟೈಪ್ ಮಾಡಿದವಳು ನಾನೇ, ಹನ್ನೊಂದು ದಿನದ ಹಿಂದೆ. ಇದೇನು ಹೀಗೆ ಎಂದು ಕೇಳಿದೆ, ನಿನಗ್ಯಾಕೆ ಎಂದರು, ಮುಂದಿನ ಸಾಲು ಒತ್ತಿದೆ. ಆ ಭಾನುವಾರ ನೀನು ಮನೆಗೆ ಬಂದಾಗ, ಊದಿಕೊಳ್ಳುತ್ತಿದ್ದೀಯ, ಲಿಫ್ಟು ಬಿಟ್ಟು ಮೆಟ್ಟಿಲು ಹತ್ತು ಎಂದು ಆಣೆ ಹಾಕಿಸಿಕೊಂಡೆನಲ್ಲ, ಅದು ತಮಾಷೆಯಲ್ಲ. ನಿನ್ನೊಬ್ಬಳನ್ನು ಮೆಟ್ಟಿಲಿಗೆ ಕಳಿಸಿ, ಮಿಕ್ಕವರನ್ನೆಲ್ಲ ಅದರೊಳಗೆ ಬಿಟ್ಟು, ಅವತ್ತಿನಿಂದ ನೆಮ್ಮದಿಯಾಗಿ ನಿದ್ದೆ ಮಾಡಿದ್ದೇನೆ. ಡಾಕ್ಟರು ಕೇಳಿದರೆ ಇದನ್ನೂ ಹೇಳು.